ಅವಳು ಸಿಗರೇಟು ಬಿಡಬೇಕೆಂದಿದ್ದಾಳೆ: ಜೊತೆ ನಿಲ್ಲುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಾನು 9 ವರ್ಷ ಸಿಗರೇಟು ಸೇದಿದೆ. ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಳ್ಳುವುದೇ ಅರ್ಧ ದಿನದ ಕೆಲಸ. ಟೆರೇಸಿನ ನೀರಿನ ಟ್ಯಾಂಕ್ ಹಿಂದೆ ನಿಲ್ಲಬೇಕು. ಗಾಳಿ ಯಾವ ಕಡೆ ಬೀಸುತ್ತಿದೆ ನೋಡಬೇಕು. ಕೂದಲನ್ನು ದುಪಟ್ಟಾದಲ್ಲಿ ಸುತ್ತಬೇಕು. ಸೇದಿದ ಮೇಲೆ ಬೆರಳಿಗೆ ನಿಂಬೆ ಸಿಪ್ಪೆ ತಿಕ್ಕಿ, ಎರಡು ಏಲಕ್ಕಿ ಬಾಯಿಗೆ ಹಾಕಿಕೊಂಡು, ಬಟ್ಟೆ ಒಣಗಿದೆಯಾ ಅಂತ ನೋಡಲು ಹೋಗಿದ್ದವಳಂತೆ ಕೆಳಗೆ ಇಳಿಯಬೇಕು.

ಬಿಡಬೇಕು ಅನ್ನಿಸಿದಾಗ ತೊಂದರೆ ಇನ್ನೂ ಜಾಸ್ತಿಯಾಯಿತು. ಸೇದುವುದೇ ಗುಟ್ಟು ಅಂದ ಮೇಲೆ ಬಿಡುತ್ತಿದ್ದೇನೆ ಅಂತ ಯಾರಿಗೆ ಹೇಳೋದು? ನಮ್ಮ ಚಿಕ್ಕಪ್ಪ ಸಿಗರೇಟು ಬಿಟ್ಟಾಗ ಇಡೀ ಮನೆ ಅವರ ಸುತ್ತ ಓಡಾಡಿತ್ತು. ರೇಗಿದರೆ "ಪಾಪ, ಬಿಡ್ತಿದ್ದಾರೆ" ಅನ್ನುತ್ತಿದ್ದರು. ನಾನು ರೇಗಿದರೆ "ಇವಳಿಗೇನು ಬಂತು?" ಅಷ್ಟೇ. ಎರಡು ಸಲ ಒಬ್ಬಳೇ ಬಿಟ್ಟು ಸೋತೆ. ಮೂರನೇ ಸಲ ಆಫೀಸಿನ ಗೆಳತಿಯೊಬ್ಬಳಿಗೆ ಹೇಳಿದೆ. ಅವಳು ಸಿಗರೇಟು ಮುಟ್ಟಿದವಳೇ ಅಲ್ಲ. ಆದರೂ ಅವಳಿಂದಲೇ ಆಯಿತು.

ಹಾಗಾಗಿ ಇದನ್ನು ಬರೆಯುತ್ತಿರುವುದು ಸೇದುವವಳಿಗಿಂತ ಹೆಚ್ಚಾಗಿ ಅವಳ ಪಕ್ಕದಲ್ಲಿರುವವರಿಗೆ. ಅಕ್ಕ, ತಂಗಿ, ಗೆಳತಿ, ಗಂಡ, ರೂಮ್‌ಮೇಟ್ ಯಾರೂ ಆಗಬಹುದು. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸೇದುವ ಗಂಡಸರು 100ಕ್ಕೆ 19, ಹೆಂಗಸರು 2. ಸಂಖ್ಯೆ ಚಿಕ್ಕದು ಅನ್ನಿಸುತ್ತೆ ಅಲ್ವಾ? ಅದಕ್ಕೇ ಬಿಡಿಸುವ ಸಲಹೆಗಳೆಲ್ಲ ಗಂಡಸಿನ ಮೈ, ಗಂಡಸಿನ ದಿನಚರಿ ಇಟ್ಟುಕೊಂಡೇ ಬರುತ್ತವೆ. ಆ 2 ಜನರಲ್ಲಿ ನಿಮ್ಮವಳು ಒಬ್ಬಳಾಗಿದ್ದರೆ ಅವಳ ಅಳತೆಗೆ ನೀವೇ ಹೊಲಿಯಬೇಕು.

ಮೊದಲು ಗುಟ್ಟಿನ ಮಾತು

ಅವಳು ಸೇದುತ್ತಾಳೆ ಅಂತ ನಿಮಗೆ ಗೊತ್ತಾಯಿತು. ಅವಳೇ ಹೇಳಿರಬಹುದು, ಬ್ಯಾಗಿನಲ್ಲಿ ಲೈಟರ್ ಕಂಡಿರಬಹುದು. ಮೊದಲ 5 ನಿಮಿಷದಲ್ಲಿ ನೀವು ಏನು ಮಾತಾಡುತ್ತೀರಿ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

"ಹೆಣ್ಣಾಗಿ ಇದೇನೇ ಇದು?" ಬೇಡ. "ನಾಳೆ ಮಕ್ಕಳಾಗಬೇಕಲ್ವಾ?" ಅದೂ ಬೇಡ. ಕ್ಯಾನ್ಸರ್ ಫೋಟೋ ಕಳಿಸುವುದಂತೂ ಬೇಡವೇ ಬೇಡ. ಪ್ಯಾಕಿನ ಶೇಕಡಾ 85 ಭಾಗ ಅದೇ ಚಿತ್ರ ಇರುತ್ತೆ, ದಿನಾ ನೋಡುತ್ತಾಳೆ. ಬೈದರೆ ಅವಳು ಬಿಡುವುದಿಲ್ಲ. ನಿಮಗೂ ಗೊತ್ತಾಗದ ಹಾಗೆ ಸೇದಲು ಕಲಿಯುತ್ತಾಳೆ, ಅಷ್ಟೇ.

ಕೇಳಬೇಕಾದ್ದು ಎರಡೇ. "ಬಿಡಬೇಕು ಅಂತ ಯಾವತ್ತಾದರೂ ಅನ್ನಿಸಿದೆಯಾ?" ಇಲ್ಲ ಅಂದರೆ ಸುಮ್ನೆ ಬಿಟ್ಟುಬಿಡಿ. ಒಂದೆರಡು ತಿಂಗಳು ಬಿಟ್ಟು ಇನ್ನೊಮ್ಮೆ ಕೇಳಿ. ಹೌದು ಅಂದರೆ ಎರಡನೆಯದು: "ಹಿಂದೆ ಬಿಟ್ಟಿದ್ದಾಗ ಎಷ್ಟು ದಿನ ನಡೆಯಿತು? ಎಲ್ಲಿ ಕೈಕೊಟ್ಟಿತು?" ಈ ಉತ್ತರ ಚಿನ್ನದಂಥದು, ಬರೆದಿಟ್ಟುಕೊಳ್ಳಿ. "ಹನ್ನೊಂದು ದಿನ. ಅತ್ತೆ ಬಂದರು, ಮುಗೀತು" ಅಂದರೆ ಈ ಸಲ ಹನ್ನೊಂದನೇ ದಿನಕ್ಕೂ ಅತ್ತೆಗೂ ಮೊದಲೇ ತಯಾರಿ ಬೇಕು.

ಆಮೇಲೆ ಯಾರಿಗೆ ಹೇಳಬಹುದು, ಯಾರಿಗೆ ಹೇಳಬಾರದು ಅಂತ ಅವಳನ್ನೇ ಕೇಳಿ. ಅವಳ ಒಳ್ಳೆಯದಕ್ಕೇ ಅಂದುಕೊಂಡು ಅವಳ ಗಂಡನಿಗೋ ಅಮ್ಮನಿಗೋ ಹೇಳಿಬಿಡಬೇಡಿ. ಕೆಲವು ಮನೆಗಳಲ್ಲಿ ಈ ಸುದ್ದಿ ಜಗಳದಲ್ಲಿ ನಿಲ್ಲುವುದಿಲ್ಲ, ಏಟಿನ ತನಕ ಹೋಗುತ್ತದೆ. ಫೋನಿನ ವಿಷಯದಲ್ಲೂ ಹುಷಾರು. ಮೊಬೈಲ್ ಟೇಬಲ್ ಮೇಲೆ ಇದ್ದಾಗ ವಾಟ್ಸಾಪ್ ಮೆಸೇಜು ಎಲ್ಲರಿಗೂ ಕಾಣುತ್ತೆ. ನಾವಿಬ್ಬರೂ ಒಂದು ಗುಪ್ತ ಮಾತು ಮಾಡಿಕೊಂಡಿದ್ದೆವು. ಸೇದಬೇಕು ಅಂತ ತಡೆಯಲಾಗದಷ್ಟು ಅನ್ನಿಸಿದರೆ "ಟ್ಯಾಂಕ್ ತುಂಬಿದೆ" ಅಂತ ಕಳಿಸುತ್ತಿದ್ದೆ. ಅವಳು ತಕ್ಷಣ ಫೋನ್ ಮಾಡಿ ಏನಾದರೂ ಹರಟುತ್ತಿದ್ದಳು. ಒಮ್ಮೆ ಅಮ್ಮ ಆ ಮೆಸೇಜು ನೋಡಿ ಮೋಟರ್ ಆಫ್ ಮಾಡಲು ಓಡಿದ್ದರು.

ಒಂದು ವಾರ ಏನೂ ಬಿಡಬೇಡಿ, ಬರೆಯಿರಿ

ನಾಳೆಯಿಂದಲೇ ಬಿಡ್ತೀನಿ ಅನ್ನುವವಳನ್ನು ತಡೆಯಿರಿ. ಒಂದು ವಾರ ಎಂದಿನಂತೆ ಸೇದಲಿ. ಆದರೆ ಪ್ರತಿ ಸಿಗರೇಟಿಗೂ ಒಂದು ಸಾಲು ಬರೆಯಲಿ: ಎಷ್ಟು ಗಂಟೆ, ಎಲ್ಲಿ, ಯಾರ ಜೊತೆ, ಸೇದುವ ಮುಂಚೆ ಮನಸ್ಸು ಹೇಗಿತ್ತು. ಫೋನಿನ ನೋಟ್ಸ್‌ನಲ್ಲಿ ತರಕಾರಿ ಪಟ್ಟಿಯ ಕೆಳಗೆ ಬರೆದರೂ ಸಾಕು. ನನ್ನ ಒಂದು ಸೋಮವಾರ ಹೀಗಿತ್ತು:

7:10, ಟೆರೇಸು, ಒಬ್ಬಳೇ. ಎದ್ದ ತಕ್ಷಣ, ತಲೆ ಓಡಲ್ಲ.
10:45, ಆಫೀಸಿನ ಹಿಂದಿನ ಬೇಕರಿ. ಟೀ ಜೊತೆ, ನಾಲ್ಕು ಜನ.
1:50, ಅದೇ ಜಾಗ. ಊಟ ಆಯ್ತು.
4:30, ಅದೇ ಜಾಗ. ಮೀಟಿಂಗಿನಲ್ಲಿ ನನ್ನ ಮಾತು ಅರ್ಧಕ್ಕೇ ಕತ್ತರಿಸಿದರು. ಕೋಪ.
7:40, ಬಸ್‌ಸ್ಟಾಪಿನ ಹಿಂದೆ. ಮನೆಗೆ ಹೋದರೆ ಮತ್ತೆ ಕೆಲಸ.
10:20, ಟೆರೇಸು. ಎಲ್ಲರೂ ಮಲಗಿದರು. ನನಗೆ ಅಂತ ಹತ್ತು ನಿಮಿಷ.

ಭಾನುವಾರ ಇಬ್ಬರೂ ಕೂತು ಓದಿ. 7:10ರದ್ದು ಮಾತ್ರ ಸರಿಯಾದ ನಿಕೋಟಿನ್ ಹಸಿವು. ರಾತ್ರಿಯೆಲ್ಲ ಸಿಗದೆ ಮೈ ಕೇಳುತ್ತಿದೆ. 10:45ರದ್ದು ಮತ್ತು 1:50ರದ್ದು ರೂಢಿ. 4:30ರದ್ದು ನುಂಗಿಕೊಂಡ ಕೋಪ. ಕೊನೆಯದೇ ಎಲ್ಲಕ್ಕಿಂತ ಕಷ್ಟದ್ದು. ಆ ಹತ್ತು ನಿಮಿಷ ನನ್ನನ್ನು ಯಾರೂ ಕರೆಯುವುದಿಲ್ಲ, ಯಾರಿಗೂ ಏನೂ ಬೇಕಾಗಿರುವುದಿಲ್ಲ. ಇಡೀ ದಿನದಲ್ಲಿ ನನ್ನದು ಅನ್ನುವುದು ಅಷ್ಟೇ ಹೊತ್ತು.

ಬಹಳ ಹೆಂಗಸರ ವಿಷಯದಲ್ಲಿ ಬಿಡಿಸುವ ಪ್ರಯತ್ನ ಎಡವುವುದು ಇಲ್ಲೇ ಅಂತ ನನಗನ್ನಿಸುತ್ತದೆ. ಸಿಗರೇಟನ್ನು ಕಿತ್ತುಕೊಳ್ಳುತ್ತೇವೆ, ಜೊತೆಗೆ ಆ ಹತ್ತು ನಿಮಿಷವನ್ನೂ ಕಿತ್ತುಕೊಳ್ಳುತ್ತೇವೆ. ಸೇದಲು ಹೋಗುವುದಿಲ್ಲ ಅಂದ ಮೇಲೆ ಪಾತ್ರೆ ತೊಳೆಯಬಹುದಲ್ಲ ಅಂತ ಆಗಿಬಿಡುತ್ತದೆ! ಆದ್ದರಿಂದ ಆ ಹತ್ತು ನಿಮಿಷವನ್ನು ಹಾಗೇ ಉಳಿಸಿ. ಅದೇ ಟೆರೇಸು, ಅದೇ ಹೊತ್ತು. ಕೈಯಲ್ಲಿ ಸಿಗರೇಟು ಬದಲು ಬೇರೆ ಏನಾದರೂ. ನೀವು ಅದೇ ಮನೆಯಲ್ಲಿರುವ ಗಂಡನಾದರೆ ನಿಮ್ಮ ಕೆಲಸ ಸಲೀಸು: ಆ ಹೊತ್ತಿಗೆ ಮಗುವನ್ನು ನೀವು ಮಲಗಿಸಿ, ಅವಳನ್ನು ಕರೆಯಬೇಡಿ.

ಪ್ರತಿ ಸಾಲಿಗೂ ಹೀಗೆ ಒಂದೊಂದು ಬದಲಿ ಹುಡುಕಿ. ಊಟದ ನಂತರದ್ದಕ್ಕೆ ಎದ್ದು ಹಲ್ಲುಜ್ಜುವುದು. ಕೋಪದ್ದಕ್ಕೆ ನಿಮಗೆ ಫೋನು, ಬೈಯಬೇಕಾದವರನ್ನೆಲ್ಲ ನಿಮ್ಮ ಕಿವಿಯಲ್ಲಿ ಬೈದು ಮುಗಿಸಲಿ. ಬೇಕರಿ ಮುಂದಿನ ಗುಂಪು ಸ್ವಲ್ಪ ಸೂಕ್ಷ್ಮ. ಆಫೀಸಿನ ಒಳಸುದ್ದಿಯೆಲ್ಲ ಅಲ್ಲೇ ಸಿಗುವುದು, ಅದು ತಪ್ಪಿಹೋಗುತ್ತೆ ಅನ್ನುವ ಭಯ ಸುಳ್ಳಲ್ಲ. ಮೊದಲ ಎರಡು ವಾರ ಮಾತ್ರ ಆ ಕಡೆ ಬೇಡ, ಎಳನೀರಿನ ಗಾಡಿ ಕಡೆ ನೀವೇ ಕರೆದುಕೊಂಡು ಹೋಗಿ. ಸುದ್ದಿ ಎಲ್ಲಿಗೂ ಓಡಿಹೋಗುವುದಿಲ್ಲ.

ನಿಕೋಟಿನ್ ಎಷ್ಟು ಹಿಡಿದಿದೆ?

ಬರೆದಿಟ್ಟ ಪಟ್ಟಿಯಲ್ಲಿ ಒಂದು ಸಾಲು ನೋಡಿದರೆ ಸಾಕು: ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು? 30 ನಿಮಿಷದೊಳಗೆ ಅಂದರೆ ಮೈ ನಿಕೋಟಿನ್‌ಗೆ ಚೆನ್ನಾಗಿ ಒಗ್ಗಿಹೋಗಿದೆ. ಮನಸ್ಸು ಗಟ್ಟಿ ಮಾಡಿಕೋ ಅಂದರೆ ಅದು ಕೇಳುವುದಿಲ್ಲ. ಔಷಧದ ನೆರವು ತೆಗೆದುಕೊಳ್ಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಸುಲಭಕ್ಕೆ ಸಿಗುವುದು ನಿಕೋಟಿನ್ ಗಮ್. 2 ಮಿ.ಗ್ರಾಂ.ನದ್ದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಅವಳಿಗೆ ಕೇಳಲು ಮುಜುಗರ ಆದರೆ ನೀವು ತಂದುಕೊಡಿ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 4 ಮಿ.ಗ್ರಾಂ. ಬೇಕಾಗಬಹುದು. ಅದಕ್ಕೆ ಡಾಕ್ಟರ್ ಚೀಟಿ ಬೇಕು.

ಗಮ್ ಕೆಲಸ ಮಾಡಲಿಲ್ಲ ಅನ್ನುವವರಲ್ಲಿ ಬಹಳ ಜನ ಅದನ್ನು ಬಬಲ್ ಗಮ್ ಥರ ಜಗಿದವರು. ಹಾಗೆ ಜಗಿದರೆ ನಿಕೋಟಿನ್ ಎಲ್ಲ ಎಂಜಲಿನ ಜೊತೆ ಹೊಟ್ಟೆಗೆ ಹೋಗುತ್ತೆ. ಬಿಕ್ಕಳಿಕೆ, ಎದೆಯುರಿ, ಹೊಟ್ಟೆ ತೊಳಸುವುದು ಶುರು. ಸರಿಯಾದ ರೀತಿ ಹೀಗೆ: ನಿಧಾನಕ್ಕೆ ಜಗಿಯಿರಿ. ನಾಲಿಗೆಗೆ ಮೆಣಸಿನ ಥರ ಚುರುಚುರು ಅಂದಾಗ ನಿಲ್ಲಿಸಿ. ಕೆನ್ನೆಗೂ ವಸಡಿಗೂ ಮಧ್ಯೆ ಸಿಕ್ಕಿಸಿಕೊಳ್ಳಿ. ಚುರುಚುರು ಹೋದ ಮೇಲೆ ಮತ್ತೆ ನಾಲ್ಕು ಸಲ ಜಗಿದು, ಈ ಸಲ ಇನ್ನೊಂದು ಕೆನ್ನೆಗೆ. ಒಂದು ಗಮ್ ಸುಮಾರು 30 ನಿಮಿಷ ಬರಬೇಕು. ಅದಕ್ಕೆ 15 ನಿಮಿಷ ಮುಂಚೆಯಿಂದ ಕಾಫಿ, ಜ್ಯೂಸು, ನಿಂಬೆ ಪಾನಕ ಬೇಡ. ಹುಳಿ ಬಾಯಲ್ಲಿದ್ದರೆ ನಿಕೋಟಿನ್ ಒಳಗೆ ಇಳಿಯುವುದಿಲ್ಲ.

ಇನ್ನೊಂದು ತಪ್ಪು, ಜಿಪುಣತನ. ದಿನಕ್ಕೆ ಎರಡು ಗಮ್ ಹಾಕಿಕೊಂಡು "ಏನೂ ಆಗಲಿಲ್ಲ" ಅನ್ನುವುದು. ಮೊದಲ 6 ವಾರ ಒಂದೆರಡು ಗಂಟೆಗೆ ಒಂದರಂತೆ ತೆಗೆದುಕೊಳ್ಳಬೇಕು. ಆಮೇಲೆ ನಿಧಾನಕ್ಕೆ ಇಳಿಸುತ್ತಾ 12 ವಾರಕ್ಕೆ ಮುಗಿಸಬೇಕು. ಯಾವುದೇ ದಿನ 24 ದಾಟಬಾರದು. ತೋಳಿಗೆ ಅಂಟಿಸುವ ಪ್ಯಾಚ್ ಕೂಡ ಇದೆ. ಪ್ಯಾಚ್ ಹಾಕಿಕೊಂಡು, ತಡೆಯದಾದಾಗ ಗಮ್ ಬಳಸಿದರೆ ಬರೀ ಒಂದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಇದನ್ನು ಡಾಕ್ಟರ್ ಕೇಳಿ ಶುರು ಮಾಡಿ. ಹೃದಯದ ತೊಂದರೆ ಇದ್ದರಂತೂ ಕೇಳದೆ ಯಾವುದೂ ಬೇಡ.

ಹೆಂಗಸರ ಮೈ ನಿಕೋಟಿನ್ ಅನ್ನು ಗಂಡಸರಿಗಿಂತ ಬೇಗ ಕರಗಿಸುತ್ತದೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇನ್ನೂ ಬೇಗ. ಬರೀ ಪ್ಯಾಚು ಹೆಂಗಸರಲ್ಲಿ ಗಂಡಸರಷ್ಟು ಫಲ ಕೊಡುವುದಿಲ್ಲ ಅಂತಲೂ ಅಧ್ಯಯನಗಳು ತೋರಿಸಿವೆ. ಹಾಗಾಗಿ "ನಮ್ಮ ಯಜಮಾನರು ಇದರಲ್ಲೇ ಬಿಟ್ಟರು, ನನಗ್ಯಾಕೆ ಆಗ್ತಿಲ್ಲ" ಅಂತ ಅವಳು ಕೊರಗಿದರೆ ಅವಳ ಮನಸ್ಸು ಸಡಿಲ ಅಂತ ಅರ್ಥ ಅಲ್ಲ. ವಾರೆನಿಕ್ಲಿನ್, ಬುಪ್ರೋಪಿಯಾನ್ ಅನ್ನುವ ಮಾತ್ರೆಗಳೂ ಇವೆ. ಎರಡಕ್ಕೂ ಡಾಕ್ಟರ್ ಬೇಕು. ಮೂರ್ಛೆರೋಗ ಇರುವವರಿಗೆ ಬುಪ್ರೋಪಿಯಾನ್ ಕೊಡುವಂತಿಲ್ಲ.

ಇ-ಸಿಗರೇಟಿಗೆ ಬದಲಾಗ್ತೀನಿ ಅಂದರೆ? 2019ರ ಕಾಯ್ದೆಯಿಂದ ದೇಶದಲ್ಲಿ ಅದರ ಮಾರಾಟವೇ ನಿಷಿದ್ಧ. ಕದ್ದು ತಂದದ್ದರಲ್ಲಿ ಏನಿದೆ ಅಂತ ದೇವರಿಗೇ ಗೊತ್ತು. "ಲೈಟ್ಸ್", ಸಣ್ಣ ಸ್ಲಿಮ್, ಮಿಂಟ್ ಇವೆಲ್ಲ ಕಣ್ಣಿಗೆ ಮಣ್ಣೆರಚುವ ಆಟ. ಲೈಟ್ ಸೇದುವವರು ಗೊತ್ತಿಲ್ಲದೇ ಇನ್ನಷ್ಟು ಆಳಕ್ಕೆ ಎಳೆಯುತ್ತಾರೆ. ಸಿಗರೇಟನ್ನು ಹೆಣ್ಣಿನ ಸ್ವಾತಂತ್ರ್ಯಕ್ಕೆ ಗಂಟುಹಾಕುವ ಜಾಹೀರಾತು ಬುದ್ಧಿಯೂ ಹಳೆಯದೇ. 1929ರಲ್ಲಿ ನ್ಯೂಯಾರ್ಕಿನ ಈಸ್ಟರ್ ಮೆರವಣಿಗೆಯಲ್ಲಿ ಸಿಗರೇಟನ್ನು "ಸ್ವಾತಂತ್ರ್ಯದ ಪಂಜು" ಅಂತ ಕರೆದು ಹುಡುಗಿಯರ ಕೈಗೆ ಕೊಟ್ಟಿದ್ದರು. ಅದರ ಹಿಂದೆ ಇದ್ದದ್ದು ತಂಬಾಕು ಕಂಪನಿಯ ದುಡ್ಡು.

ಅವಳ ಮೈಯ ಲೆಕ್ಕ

ಮುಟ್ಟಿನ ಹಿಂದಿನ ವಾರ ಸಿಡುಕು, ಅಳು, ನಿದ್ದೆ ಬಾರದಿರುವುದು ಬಹಳ ಜನಕ್ಕೆ ಇದ್ದದ್ದೇ. ಸಿಗರೇಟು ಬಿಟ್ಟಾಗ ಬರುವುದೂ ಅವೇ. ಎರಡೂ ಒಂದೇ ವಾರಕ್ಕೆ ಬಿದ್ದರೆ ಯಾರು ತಡೆದಾರು? ಆದ್ದರಿಂದ ಬಿಡುವ ದಿನವನ್ನು ಮುಟ್ಟು ಮುಗಿದ ಒಂದೆರಡು ದಿನಕ್ಕೆ ಇಡಿ. ಸೇದಬೇಕು ಅನ್ನುವ ಎಳೆತ ಜೋರಾಗಿರುವ ಮೊದಲ ಎರಡು ವಾರ ಅದರಿಂದ ಸ್ವಲ್ಪ ಹಗುರ ಆಗಬಹುದು. ಮುಂದಿನ ಮುಟ್ಟಿನ ಹಿಂದಿನ ವಾರವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಆ ವಾರ ಅವಳಿಗೆ ಎರಡು ಫೋನು ಜಾಸ್ತಿ ಮಾಡಿ.

ಗರ್ಭನಿರೋಧಕ ಮಾತ್ರೆಯ ವಿಷಯ ಗಂಭೀರ. ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಇರುವ ಮಾತ್ರೆ ಮತ್ತು ಸಿಗರೇಟು ಎರಡೂ ಸೇರಿದರೆ ರಕ್ತ ಹೆಪ್ಪುಗಟ್ಟುವ, ಹೃದಯಾಘಾತದ, ಲಕ್ವದ ಅಪಾಯ ಏರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಮಾಲಾ-ಎನ್ ಕೂಡ ಇದೇ ಜಾತಿಯದು. 35 ದಾಟಿದ, ಸೇದುವ ಹೆಂಗಸಿಗೆ ಇದು ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ದಿನಕ್ಕೆ 15 ಅಥವಾ ಅದಕ್ಕಿಂತ ಜಾಸ್ತಿ ಸೇದಿದರೆ ಕೊಡುವಂತೆಯೇ ಇಲ್ಲ. ಹಾರ್ಮೋನ್ ಇಲ್ಲದ ಛಾಯಾ ಮಾತ್ರೆ, ಕಾಪರ್-ಟಿ ಹೀಗೆ ಬೇರೆ ದಾರಿಗಳಿವೆ. ಆದರೆ ಡಾಕ್ಟರ್‌ಗೆ ಸೇದುವ ವಿಷಯ ಗೊತ್ತಿದ್ದರೆ ತಾನೇ ಹೇಳೋದು?

ನನಗೆ ಆದದ್ದೇ ಹೇಳುತ್ತೇನೆ. 35 ತುಂಬಿತ್ತು. ಮುಟ್ಟಿನ ಏರುಪೇರಿಗೆ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ, ಅಮ್ಮ ಪಕ್ಕದಲ್ಲೇ ಕೂತಿದ್ದರು. "ಸ್ಮೋಕ್ ಮಾಡ್ತೀರಾ?" ಅಂತ ಡಾಕ್ಟರ್ ಫಾರ್ಮ್ ತುಂಬುತ್ತಾ ಕೇಳಿದರು. ಅಮ್ಮ ನನಗಿಂತ ಮುಂಚೆ ನಕ್ಕರು. ನಾನೂ ನಕ್ಕು ಇಲ್ಲ ಅಂದೆ. ಬರೆದುಕೊಟ್ಟದ್ದು ಅದೇ ಜಾತಿಯ ಮಾತ್ರೆ. ನಾಲ್ಕು ತಿಂಗಳು ಎರಡನ್ನೂ ಒಟ್ಟಿಗೆ ನಡೆಸಿದೆ. ಹಾಗಾಗಿ ನಿಮ್ಮ ಪಾಲಿನ ಕೆಲಸ ಇದು: ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ, ಅವಳ ಅಮ್ಮನನ್ನೋ ಅತ್ತೆಯನ್ನೋ ಹೊರಗೆ ಮಾತಿಗೆಳೆದು ಕೂರಿಸಿ, ಅವಳೊಬ್ಬಳೇ ಡಾಕ್ಟರ್ ಹತ್ತಿರ ಐದು ನಿಮಿಷ ಮಾತಾಡಲಿ. "ಒಬ್ಬಳೇ ಮಾತಾಡಬೇಕು" ಅಂತ ಡಾಕ್ಟರ್‌ಗೆ ಹೇಳುವ ಹಕ್ಕು ಅವಳಿಗಿದೆ.

ಬಸುರಿಯಾದರೆ ಒಂದು ದಿನವೂ ತಡ ಮಾಡುವಂತಿಲ್ಲ. ಕಡಿಮೆ ತೂಕದ ಮಗು, ದಿನ ತುಂಬದ ಹೆರಿಗೆ, ಹೊಟ್ಟೆಯಲ್ಲೇ ಮಗು ಹೋಗುವುದು, ಇವೆಲ್ಲ ಸೇದುವವರಲ್ಲಿ ಜಾಸ್ತಿ. "ಕಡಿಮೆ ಮಾಡಿದ್ದೀನಿ" ಅನ್ನುವುದು ಸಾಲದು, ಪೂರ್ತಿ ನಿಲ್ಲಬೇಕು. ಬಸುರಿಯಲ್ಲಿ ಮೊದಲ ಮದ್ದು ಕೌನ್ಸೆಲಿಂಗ್. ಗಮ್ಮೋ ಪ್ಯಾಚೋ ಡಾಕ್ಟರ್ ಹೇಳದೆ ಮುಟ್ಟಬಾರದು. ಇನ್ನೊಂದು ಮಾತು: ಬಸುರಿಯಲ್ಲಿ ಬಿಟ್ಟವರು ಬಾಣಂತನ ಮುಗಿಸಿ ಮತ್ತೆ ಶುರು ಮಾಡುವುದು ಬಹಳ. ಮಗು ಹುಟ್ಟಿತು, ಎಲ್ಲ ಸರಿ ಅಂದುಕೊಂಡು ಅವಳ ಕೈಬಿಡಬೇಡಿ. ರಾತ್ರಿಯೆಲ್ಲ ನಿದ್ದೆಗೆಟ್ಟವಳಿಗೆ ಹಳೆಯ ಆ ಹತ್ತು ನಿಮಿಷ ನೆನಪಾಗುವುದು ಆಗಲೇ.

ಭಯ ಹುಟ್ಟಿಸಬೇಡಿ ಅಂದೆ. ಆದರೆ ಆಸೆ ಹುಟ್ಟಿಸಬಹುದು. ಬ್ರಿಟನ್ನಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದಿದೆ. ಕೊನೆತನಕ ಸೇದಿದವರು ಹತ್ತು ವರ್ಷದಷ್ಟು ಆಯಸ್ಸು ಕಳೆದುಕೊಂಡಿದ್ದರು. 40ಕ್ಕೆ ಮುಂಚೆ ಬಿಟ್ಟವರು ಸಿಗರೇಟಿನಿಂದ ಬರುವ ಹೆಚ್ಚುವರಿ ಸಾವಿನ ಅಪಾಯದ ಶೇಕಡಾ 90ಕ್ಕೂ ಹೆಚ್ಚು ಭಾಗವನ್ನು ತಪ್ಪಿಸಿಕೊಂಡಿದ್ದರು. "ಇಷ್ಟು ವರ್ಷ ಸೇದಿದ್ದೀನಿ, ಇನ್ನೇನು ಪ್ರಯೋಜನ" ಅನ್ನುವವಳಿಗೆ ಇದನ್ನು ಹೇಳಿ.

ದಿನ ಗೊತ್ತು ಮಾಡುವುದು

ಎರಡು ವಾರದೊಳಗಿನ ಒಂದು ದಿನ. ಮದುವೆ, ಗೃಹಪ್ರವೇಶ, ಆಫೀಸಿನ ಡೆಡ್‌ಲೈನು, ನೆಂಟರು ಬರುವ ವಾರ ಬೇಡ. ಮುಟ್ಟಿನ ಲೆಕ್ಕ ಮೇಲೆ ಹೇಳಿದ್ದೇನೆ. ಹಿಂದಿನ ರಾತ್ರಿ ಇಬ್ಬರೂ ಸೇರಿ ಎಲ್ಲವನ್ನೂ ಹೊರಗೆ ಹಾಕಿ. ಬ್ಯಾಗಿನ ಒಳಜೇಬು, ಸ್ಕೂಟರಿನ ಡಿಕ್ಕಿ, ಹಳೆ ಜಾಕೆಟ್ಟು, ಟ್ಯಾಂಕಿನ ಕೆಳಗೆ ಅಡಗಿಸಿಟ್ಟ ಡಬ್ಬಿ. ಗುಟ್ಟಾಗಿ ಸೇದುವವರ ದಾಸ್ತಾನು ಎಲ್ಲೆಲ್ಲೋ ಇರುತ್ತೆ. ದುಪಟ್ಟಾ, ಹೆಲ್ಮೆಟ್ಟಿನ ಒಳಬಟ್ಟೆ ಎಲ್ಲ ಒಗೆದು ಹಾಕಿ. ವಾಸನೆಯೂ ಕರೆಯುತ್ತದೆ.

ದುಡ್ಡಿನ ಲೆಕ್ಕವನ್ನೂ ಅವತ್ತೇ ಮಾಡಿ. ಒಂದಕ್ಕೆ 20 ರೂಪಾಯಿ ಅಂತ ಹಿಡಿದರೂ ದಿನಕ್ಕೆ 6 ಅಂದರೆ 120. ತಿಂಗಳಿಗೆ 3,600. ಇಬ್ಬರೂ ಸೇರಿ ಆ ದುಡ್ಡಿಗೆ ಒಂದು ಚೀಟಿ ಹಾಕಿಬಿಡಿ ಅಂತ ನನ್ನ ಸಲಹೆ. ತಿಂಗಳಾ ಕಟ್ಟಲೇಬೇಕಲ್ಲ.

ಮೊದಲ ಮೂರು ದಿನ, ಮತ್ತು ಕಾಫಿ

ಮೊದಲ ಮೂರು ದಿನ ಬಲು ಕಷ್ಟ. ಒಂದು ವಾರಕ್ಕೆ ಸ್ವಲ್ಪ ಇಳಿಯುತ್ತದೆ, ಎರಡರಿಂದ ನಾಲ್ಕು ವಾರದಲ್ಲಿ ಬಹುಪಾಲು ಹೋಗುತ್ತದೆ. ಒಂದೊಂದು ಎಳೆತವೂ ಕೆಲವೇ ನಿಮಿಷ. ತಾನಾಗಿ ಏರಿ ತಾನಾಗಿ ಇಳಿಯುತ್ತದೆ. ಆ ನಿಮಿಷಗಳನ್ನು ದಾಟಿಸುವುದಷ್ಟೇ ನಿಮ್ಮ ಕೆಲಸ. ಫೋನಿನಲ್ಲಿ ಉಪದೇಶ ಬೇಡ, ಸಿಗರೇಟಿನ ಮಾತೇ ಬೇಡ. ನನ್ನ ಗೆಳತಿ ಅವರ ಅಪಾರ್ಟ್‌ಮೆಂಟಿನ ನೀರಿನ ಜಗಳವನ್ನು ಧಾರಾವಾಹಿ ಥರ ಹೇಳುತ್ತಿದ್ದಳು. ಅದರ ಕೊನೆ ಏನಾಯಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಬಾಯಿಗೆ, ಕೈಗೆ ಏನಾದರೂ ಬೇಕು. ಸೌತೆಕಾಯಿ ಹೋಳು, ಕ್ಯಾರೆಟ್ಟು, ಹುರಿಗಡಲೆ, ಸೋಂಪು, ಒಣಗಿಸಿದ ನೆಲ್ಲಿಕಾಯಿ ಚೂರು. ನಾನು ಕಡಲೆಕಾಯಿ ಬಿಡಿಸುತ್ತಿದ್ದೆ, ಎರಡೂ ಕೈಗೆ ಕೆಲಸ. ಆದರೆ ಅಡಿಕೆ ಬೇಡ. ಸಿಹಿ ಸುಪಾರಿಯೂ ಬೇಡ. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿ ಬಹಳ ವರ್ಷ ಆಯಿತು. ಮಲೆನಾಡಿನ ನೆಂಟರು ಬೇಜಾರು ಮಾಡಿಕೊಳ್ಳಬಹುದು, ಏನು ಮಾಡೋದು.

ಈಗ ಯಾರೂ ಹೇಳದ ಒಂದು ವಿಷಯ. ಸಿಗರೇಟಿನ ಹೊಗೆ ಲಿವರಿನಲ್ಲಿ ಕಾಫಿಯ ಕೆಫೀನ್ ಕರಗಿಸುವ ಕೆಲಸವನ್ನು ಚುರುಕು ಮಾಡಿರುತ್ತದೆ. ಸೇದುವುದು ನಿಂತ ಕೆಲವೇ ದಿನದಲ್ಲಿ ಆ ಚುರುಕು ಇಳಿಯುತ್ತದೆ. ಅವಳು ಎಂದಿನಂತೆ ದಿನಕ್ಕೆ ನಾಲ್ಕು ಲೋಟ ಫಿಲ್ಟರ್ ಕಾಫಿ ಕುಡಿದರೆ ಕೆಫೀನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಎದೆ ಡವಡವ, ಕೈ ನಡುಕ, ರಾತ್ರಿ ನಿದ್ದೆ ಇಲ್ಲ. "ಬಿಟ್ಟಿದ್ದಕ್ಕೇ ಹೀಗಾಗ್ತಿದೆ, ಒಂದು ಸೇದಿದರೆ ಸರಿಹೋಗುತ್ತೆ" ಅಂತ ಅವಳು ಅಂದುಕೊಳ್ಳುತ್ತಾಳೆ. ತಪ್ಪು ಕಾಫಿಯದು! ಅರ್ಧಕ್ಕೆ ಇಳಿಸಿ. ಇದಕ್ಕೆ ನಮ್ಮ ಊರಿನಲ್ಲಿ ಒಳ್ಳೆಯ ಉಪಾಯ ಮೊದಲೇ ಇದೆಯಲ್ಲ: ಬೈಟು ಹೇಳಿ, ಇನ್ನರ್ಧ ನೀವು ಕುಡಿಯಿರಿ.

ಮಾನಸಿಕ ಕಾಯಿಲೆಗೆ ಓಲಾಂಜಪಿನ್ ಅಥವಾ ಕ್ಲೋಜಪಿನ್ ತೆಗೆದುಕೊಳ್ಳುತ್ತಿದ್ದರೆ ಬಿಡುವ ಮುಂಚೆಯೇ ಡಾಕ್ಟರ್‌ಗೆ ಹೇಳಬೇಕು. ಅವುಗಳ ಪ್ರಮಾಣವೂ ಹೀಗೇ ಏರುಪೇರಾಗುತ್ತದೆ.

ತೂಕದ ಭಯ

ಇದನ್ನು ನಕ್ಕು ತಳ್ಳಿಹಾಕಬೇಡಿ. ಬಿಟ್ಟವರು ಒಂದು ವರ್ಷದಲ್ಲಿ ಸರಾಸರಿ 4ರಿಂದ 5 ಕೆ.ಜಿ. ಏರುತ್ತಾರೆ. ಕೆಲವರು ಏರುವುದೇ ಇಲ್ಲ, ಕೆಲವರು ಇಳಿಯುವುದೂ ಉಂಟು. ಬಾಯಿ ರುಚಿ ಮರಳುತ್ತದೆ, ಹಸಿವು ಹೆಚ್ಚುತ್ತದೆ. ಮನೆಯಲ್ಲಿ ಯಾರಿಗೂ ವಿಷಯ ಗೊತ್ತಿಲ್ಲ, ಆದರೆ ಪ್ರತಿ ಮದುವೆಯಲ್ಲೂ "ದಪ್ಪ ಆಗಿದ್ದೀಯಲ್ಲೇ" ಅನ್ನಲು ಜನ ಇದ್ದಾರೆ. ಅವರಿಗೆ ಅವಳು ಏನು ಉತ್ತರ ಕೊಡಬೇಕು? ಆದ್ದರಿಂದ ನಿಜವನ್ನು ಮೊದಲೇ ಹೇಳಿಬಿಡಿ: ಒಂದಿಷ್ಟು ಏರಬಹುದು. ಬಿಡುವುದು, ಡಯೆಟ್ ಮಾಡುವುದು ಎರಡನ್ನೂ ಒಂದೇ ತಿಂಗಳು ಹೊತ್ತುಕೊಳ್ಳಬೇಡ. ಸಂಜೆ ಇಬ್ಬರೂ ಅರ್ಧ ಗಂಟೆ ನಡೆಯಿರಿ. ನಡಿಗೆಯಲ್ಲಿ ಎಳೆತವೂ ಇಳಿಯುತ್ತದೆ. ಮೂರು ತಿಂಗಳು ಕಳೆಯಲಿ, ತೂಕದ ಮಾತು ಆಮೇಲೆ.

ಫೋನು, ಆಸ್ಪತ್ರೆ

ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356. ದುಡ್ಡು ಬೀಳುವುದಿಲ್ಲ. ಸಿಗರೇಟು ಪ್ಯಾಕಿನ ಮೇಲೇ ಅಚ್ಚಾಗಿರುತ್ತದೆ. ದಕ್ಷಿಣದ ಭಾಷೆಗಳ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನೋಡಿಕೊಳ್ಳುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಒಪ್ಪಿದರೆ ಅವರೇ ಮತ್ತೆ ಮತ್ತೆ ಕರೆ ಮಾಡಿ ವಿಚಾರಿಸುತ್ತಾರೆ. ಮನೆಯಲ್ಲಿದ್ದಾಗ ಕರೆ ಬಂದರೆ ಕಷ್ಟ, ಹಾಗಾಗಿ ಯಾವ ಹೊತ್ತಿಗೆ ಮಾಡಬೇಕು ಅಂತ ಮೊದಲೇ ಹೇಳಲಿ. ನಿಮ್ಹಾನ್ಸ್ ಮತ್ತು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಎರಡರಲ್ಲೂ ತಂಬಾಕು ಬಿಡಿಸುವ ಕ್ಲಿನಿಕ್ಕುಗಳಿವೆ. ಬೇರೆ ಊರಿನವರು ಜಿಲ್ಲಾಸ್ಪತ್ರೆಯ ತಂಬಾಕು ವ್ಯಸನ ಮುಕ್ತಿ ಕೇಂದ್ರ ಕೇಳಿ. ಬಿಟ್ಟ ಮೇಲೆ ಎರಡು ವಾರ ಕಳೆದರೂ ಮಂಕು ಹೋಗದಿದ್ದರೆ, ಬದುಕೇ ಬೇಡ ಅನ್ನುವ ಮಾತು ಬಂದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಗಂಡನೂ ಸೇದುವವನಾದರೆ? ಇಬ್ಬರೂ ಒಟ್ಟಿಗೆ ಬಿಟ್ಟರೆ ಎಲ್ಲಕ್ಕಿಂತ ಒಳ್ಳೆಯದು. ಅವನು ಒಪ್ಪದಿದ್ದರೆ ಕನಿಷ್ಠ ಮನೆಯೊಳಗೆ, ಅವಳ ಮುಂದೆ ಸೇದಬಾರದು, ಪ್ಯಾಕು ಕಣ್ಣಿಗೆ ಬೀಳುವ ಹಾಗೆ ಇಡಬಾರದು. ಇದನ್ನು ಹೇಳಲು ಅವಳಿಗಿಂತ ನಿಮಗೆ ಸುಲಭ ಆಗಬಹುದು.

ಎಲೆ ಅಡಿಕೆಗೆ ಹೊಗೆಸೊಪ್ಪು ಹಾಕುವ ಅಜ್ಜಿ ನಿಮ್ಮ ಮನೆಯಲ್ಲಿದ್ದರೆ ಅದೂ ಇದೇ ನಿಕೋಟಿನ್ನೇ. ನಮ್ಮ ಹೆಂಗಸರಲ್ಲಿ ಸೇದುವವರಿಗಿಂತ ಹೀಗೆ ಜಗಿಯುವವರೇ ಎಷ್ಟೋ ಪಟ್ಟು ಜಾಸ್ತಿ. ಅದನ್ನು ಯಾರೂ ಚಟ ಅನ್ನುವುದಿಲ್ಲ, ಅಷ್ಟೇ ವ್ಯತ್ಯಾಸ. ಬರೆಯುವ ಪಟ್ಟಿ, ದಿನ ಗೊತ್ತು ಮಾಡುವುದು, ಕ್ವಿಟ್‌ಲೈನ್ ಎಲ್ಲ ಅವರಿಗೂ ನಡೆಯುತ್ತದೆ. ಬಾಯಲ್ಲಿ ಬಿಳಿ ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು ಕಂಡರೆ ಮೊದಲು ಡಾಕ್ಟರಿಗೆ ತೋರಿಸಿ.

ಜಾರಿದರೆ

ಜಾರುತ್ತಾಳೆ. ಒಂದೇ ಪ್ರಯತ್ನಕ್ಕೆ ಬಿಡುವವರು ಕಡಿಮೆ. ನಾನು 23ನೇ ದಿನ ಒಂದು ಮದುವೆಯ ರಿಸೆಪ್ಷನ್ನಿನಲ್ಲಿ ಛತ್ರದ ಹಿಂದೆ ಹೋಗಿ ಒಂದು ಸೇದಿದೆ. ಸೇದಿದ್ದಕ್ಕಿಂತ ಅದನ್ನು ಗೆಳತಿಗೆ ಹೇಳುವುದು ಕಷ್ಟ ಆಯಿತು. ಎರಡು ದಿನ ಅವಳ ಫೋನ್ ಎತ್ತಲಿಲ್ಲ. ಮೂರನೇ ದಿನ ಅವಳೇ ನನ್ನ ಡೆಸ್ಕಿಗೆ ಬಂದು, "ಎಷ್ಟು ಸೇದಿದೆ?" ಅಂದಳು. ಒಂದು ಅಂದೆ. "ಸರಿ, 22 ದಿನಕ್ಕೆ ಒಂದು. ಮೊದಲು 22 ದಿನಕ್ಕೆ ಎಷ್ಟಾಗ್ತಿತ್ತು?" ಲೆಕ್ಕ ಹಾಕಿದರೆ 132. ಇಬ್ಬರೂ ನಕ್ಕೆವು. ಮತ್ತೆ ಒಂದರಿಂದ ಎಣಿಸು ಅಂತ ಅವಳು ಹೇಳಲಿಲ್ಲ. ಅವತ್ತಿಗೆ 26ನೇ ದಿನ ಅಂತಲೇ ಬರೆದೆವು.

ನೀವೂ ಹಾಗೇ ಮಾಡಿ. ಎಲ್ಲಿ, ಯಾವಾಗ, ಯಾಕೆ ಅಂತ ಪಟ್ಟಿಗೆ ಒಂದು ಸಾಲು ಸೇರಿಸಿ. ಮದುವೆ ಮನೆ ಅಂದರೆ ಮುಂದಿನ ಮದುವೆಗೆ ಗಮ್ ಪರ್ಸಿನಲ್ಲಿರಲಿ, ನೀವು ಫೋನಿಗೆ ಸಿಗುವಂತಿರಿ. ಒಂದು ಜಾರಿದ್ದು ಇಡೀ ಪ್ಯಾಕು ಆಗುವ ಮುಂಚೆ ಅವಳು ನಿಮಗೆ ಹೇಳಬೇಕು. ಬೈಯುವವರಿಗೆ ಯಾರೂ ಹೇಳುವುದಿಲ್ಲ.

ಮೂರು ತಿಂಗಳ ನಂತರ ದಿನಾ ಕೇಳಬೇಡಿ. ತಿಂಗಳಿಗೊಮ್ಮೆ ಸಾಕು, ಹಬ್ಬ ಸಾವು ಜಗಳ ಏನಾದರೂ ಇದ್ದ ವಾರ ಮಾತ್ರ ಸ್ವಲ್ಪ ಜಾಸ್ತಿ. ನನ್ನ ಬ್ಯಾಗಿನ ಒಳಜೇಬಿನಲ್ಲಿ ಕೊನೆಯ ಎರಡು ಗಮ್ ಬಹಳ ದಿನ ಹಾಗೇ ಇದ್ದವು. ಮೊನ್ನೆ ಬ್ಯಾಗ್ ಬದಲಿಸುವಾಗ ಸಿಕ್ಕವು. ಎಕ್ಸ್‌ಪೈರಿ ಆಗಿ ಎಂಟು ತಿಂಗಳಾಗಿತ್ತು.